ರಿಪೇರಿಗೆ ನಿಂತ ದೋಣಿ

ಜನ್ನಾಪುರದವನಿಗೆ ಹಾಯಿದೋಣಿಯ ಉಸಾಬರಿ ಯಾಕಪ್ಪಾ ಅಂತ ನಗಬೇಡಿ. ನಮಗೆ ಗೊತ್ತಿರೋ ನೀರು ಅಂದ್ರೆ ಭದ್ರಾ ಹೊಳೆ. ಸಮುದ್ರ ನೋಡಬೇಕು ಅಂದ್ರೆ ಘಟ್ಟ ಇಳೀಬೇಕು. ಆದ್ರೂ ಕೆಲವು ವಾರಗಳಿಂದ ತಾರಿಣಿ ಅನ್ನೋ ದೋಣಿ ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಕತೆ ನಿಮಗೂ ಗೊತ್ತಿರಬಹುದು. 2017ರ ಸೆಪ್ಟೆಂಬರ್ 10ರಂದು ನೌಕಾಪಡೆಯ ಆರು ಜನ ಮಹಿಳಾ ಅಧಿಕಾರಿಗಳು ವರ್ತಿಕಾ ಜೋಶಿಯವರ ನಾಯಕತ್ವದಲ್ಲಿ ಈ ದೋಣಿ ಹತ್ತಿ ಗೋವಾದಿಂದ ಹೊರಟರು. ಪ್ರಪಂಚ ಸುತ್ತಿ 2018ರ ಮೇ 21ಕ್ಕೆ ವಾಪಸ್ ಬಂದರು. ದೋಣಿ ಸುಮಾರು 17 ಮೀಟರ್ ಉದ್ದ, ಕಟ್ಟಿದ್ದು ಗೋವಾದ ರತ್ನಾಕರ ದಾಂಡೇಕರ್ ಅವರ ಯಾರ್ಡಿನಲ್ಲಿ. ಇದರ ಅಕ್ಕ ಮ್ಹಾದೇಯಿ ಕೂಡ ಅಲ್ಲೇ ಹುಟ್ಟಿದ್ದು. ಅದರಲ್ಲೇ ದಿಲೀಪ್ ದೊಂಡೆ 2009-10ರಲ್ಲಿ ಒಬ್ಬರೇ ಪ್ರಪಂಚ ಸುತ್ತಿದರು. ಹೆಸರು ಕೇಳಿದ ಹಾಗಿದೆ ಅಲ್ವಾ? ನಮ್ಮ ಖಾನಾಪುರದ ಕಾಡಲ್ಲಿ ಹುಟ್ಟೋ ಮಹದಾಯಿ ಅದು. ನಾವು ಜಗಳಕ್ಕೆ ಮಾತ್ರ ನೆನಪಿಸಿಕೊಳ್ಳೋ ಹೊಳೆ :)

ನನ್ನ ತಲೆ ಕೊರೀತಿರೋದು ತಾರಿಣಿಯ ಪಯಣದ ಕೊನೆಯ ಹಂತ. ಕೇಪ್‌ಟೌನ್ ಬಿಟ್ಟ ಮೇಲೆ ಚುಕ್ಕಾಣಿಯ ವ್ಯವಸ್ಥೆ ಕೆಟ್ಟಿತು. 2018ರ ಏಪ್ರಿಲ್‌ನಲ್ಲಿ, ಮೊದಲ ಯೋಜನೆಯಲ್ಲಿ ಇಲ್ಲದ ಮಾರಿಷಸ್‌ನ ಪೋರ್ಟ್ ಲೂಯಿಗೆ ಹೋಗಿ ರಿಪೇರಿ ಮಾಡಿಸಿಕೊಂಡು ಬರಬೇಕಾಯ್ತು. ನಾನು ಓದಿದ ವರದಿಗಳಲ್ಲಿ ಇದಕ್ಕೆ ಸಿಕ್ಕಿದ್ದು ಒಂದೋ ಎರಡೋ ಸಾಲು. ಆಮೇಲೆ ಹಾರ, ಸ್ವಾಗತ, ಫೋಟೋ.

ಆ ಒಂದು ಸಾಲಿನ ಹಿಂದೆ ಏನೇನಿರುತ್ತೆ ಅಂತ ಹುಡುಕ್ತಾ ಹೋದೆ. ಯಾರ್ಡಿನಲ್ಲಿ ದೋಣಿಯನ್ನ ಕ್ರೇನ್‌ನಲ್ಲಿ ಎತ್ತಿ ಆನಿಕೆ ಕೊಟ್ಟು ನಿಲ್ಲಿಸ್ತಾರೆ. ತಳಕ್ಕೆ ಅಂಟಿದ ಚಿಪ್ಪು, ಪಾಚಿ ಕೆರೀತಾರೆ. ಫೈಬರ್‌ಗ್ಲಾಸ್ ಮೈಯನ್ನ ಪುಟ್ಟ ಸುತ್ತಿಗೆಯಿಂದ ತಟ್ಟಿ ತಟ್ಟಿ ಕೇಳ್ತಾರೆ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತೆ, ಒಳಗೆ ಪದರ ಬಿಟ್ಟಿದ್ದರೆ ಮಂಕಾದ ಸದ್ದು. ಕೆಟ್ಟ ಜಾಗವನ್ನ ಗುಳಿಗಿಂತ ಎಷ್ಟೋ ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಗಾಜಿನ ಬಟ್ಟೆ ಮತ್ತು ರಾಳ ಪದರ ಪದರವಾಗಿ ಕೂರಿಸಬೇಕು. ತೇವ ಇದ್ದರೆ ಸರಿಯಾಗಿ ಹಿಡಿಯಲ್ಲ, ಅವಸರ ಮಾಡಿದರೆ ಕಿತ್ತು ಬರುತ್ತೆ. ನೀರಿನ ಕೆಳಗಿನ ಲೋಹ ತುಕ್ಕು ತಿನ್ನಬಾರದು ಅಂತ ಒಂದು ಸತುವಿನ ತುಂಡು ಕಟ್ಟಿರ್ತಾರೆ, ಅದು ತಾನೇ ಸವೆದು ಉಳಿದದ್ದನ್ನ ಕಾಪಾಡುತ್ತೆ. ಸವೆದ ಮೇಲೆ ಹೊಸದು ಹಾಕಬೇಕು. ಹಾಕಿದವನ ಹೆಸರು ಯಾರಿಗೂ ಗೊತ್ತಾಗಲ್ಲ.

ಇಲ್ಲಿ ನನ್ನ ಸ್ವಂತ ಗೋಳು ಸ್ವಲ್ಪ. ನಾನಿರೋದು ಹಳೇ ಸಾಫ್ಟ್‌ವೇರಿನ ಮೇಂಟೆನೆನ್ಸ್ ತಂಡದಲ್ಲಿ. ಅಪ್ರೈಸಲ್‌ನಲ್ಲಿ ಪ್ರತಿ ವರ್ಷ ಒಂದೇ ಪ್ರಶ್ನೆ, "ಹೊಸದೇನು ಮಾಡಿದೆ?" ಏನೂ ನಿಲ್ಲದ ಹಾಗೆ ನೋಡಿಕೊಂಡೆ ಅಂದ್ರೆ ಅದು ಲೆಕ್ಕಕ್ಕೇ ಬರಲ್ಲ. ಈ ಸಲ ಬೇಜಾರಾಗಿ ಅಪ್ಪನಿಗೆ ಫೋನ್ ಮಾಡಿ, "ಬರೀ ರಿಪೇರಿ ಕೆಲಸ ಅಪ್ಪಾ, ಮರ್ಯಾದೆ ಇಲ್ಲ" ಅಂದುಬಿಟ್ಟೆ. ಅಪ್ಪ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ನಿವೃತ್ತಿಯಾಗೋವರೆಗೂ ಮೇಂಟೆನೆನ್ಸ್ ಫಿಟ್ಟರ್. ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಆಯ್ತಾ?" ಅಂದರು. ಫೋನ್ ಇಟ್ಟ ಮೇಲೆ ನಾಲಿಗೆ ಕಚ್ಚಿಕೊಂಡೆ. ಆಯುಧಪೂಜೆ ದಿನ ಅಪ್ಪ ಸ್ಪ್ಯಾನರ್ ತೊಳೆದು ಕುಂಕುಮ ಇಡ್ತಿದ್ದ ರೀತಿ ನೆನಪಾಯ್ತು.

ತಾರಿಣಿ ಮನಸ್ಸಿಗೆ ನಾಟಿದ್ದು ಅದಕ್ಕೇ. ಯಾಕಂದ್ರೆ ಕತೆ 2018ಕ್ಕೆ ಮುಗೀಲಿಲ್ಲ. ಅದೇ ದೋಣಿಯಲ್ಲಿ ದಿಲ್ನಾ ಮತ್ತು ರೂಪಾ ಅನ್ನೋ ಇಬ್ಬರೇ ಅಧಿಕಾರಿಗಳು 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟು, ಇನ್ನೊಂದು ಸಲ ಭೂಮಿ ಸುತ್ತಿ 2025ರ ಮೇ 29ಕ್ಕೆ ಮರಳಿದರು. ಏಳು ವರ್ಷ ಹಳೇ ದೋಣಿ! ಕಟ್ಟಿದ್ದು ಒಂದೇ ಸಲ. ಆಮೇಲೆ ಅದನ್ನ ಸಮುದ್ರಕ್ಕೆ ಯೋಗ್ಯವಾಗಿ ಉಳಿಸಿದ್ದು ಎಷ್ಟೋ ಕೈಗಳು.

ಹಳೇದನ್ನೇ ಎಷ್ಟು ದಿನ ಎಳೀತೀರಿ ಅನ್ನೋರೂ ಇದ್ದಾರೆ. ಅದೂ ನ್ಯಾಯವೇ, ಕೆಲವನ್ನ ಗುಜರಿಗೆ ಹಾಕಲೇಬೇಕು. ಆದ್ರೆ ಯಾವುದನ್ನ ಹಾಕಬೇಕು, ಯಾವುದು ಇನ್ನೂ ಹತ್ತು ವರ್ಷ ಬಾಳುತ್ತೆ ಅನ್ನೋದು ಸುತ್ತಿಗೆ ತಟ್ಟಿ ಸದ್ದು ಕೇಳಿದವನಿಗೇ ತಾನೇ ಗೊತ್ತು? ಕಟ್ಟುವವನ ಕೈಗೆ ಹೊಸ ಸಾಮಾನು ಬರುತ್ತೆ. ರಿಪೇರಿಯವನು ಇನ್ನೊಬ್ಬರು ಯಾವತ್ತೋ ಮಾಡಿದ್ದನ್ನ ಅರ್ಥ ಮಾಡಿಕೊಂಡು, ಅದು ನಡೀತಿರೋವಾಗಲೇ ಸರಿ ಮಾಡಬೇಕು. ಇದಕ್ಕೆ ಬುದ್ಧಿ ಕಡಿಮೆ ಸಾಕು ಅಂತ ನಮಗೆ ಯಾರು ಹೇಳಿಕೊಟ್ಟರೋ. ಎಂಜಿನಿಯರಿಂಗ್ ಕಾಲೇಜಿನ ನಾಲ್ಕು ವರ್ಷದಲ್ಲಿ ಹೊಸದು ಮಾಡೋದನ್ನೇ ಕಲಿತೆ, ಕೆಟ್ಟದ್ದನ್ನ ಸರಿ ಮಾಡೋ ಒಂದು ಪಾಠವೂ ಇರಲಿಲ್ಲ.

ಮುಂದಿನ ಅಪ್ರೈಸಲ್‌ನಲ್ಲಿ ಅದೇ ಪ್ರಶ್ನೆ ಬಂದರೆ ತಾರಿಣಿಯ ಕತೆ ಹೇಳೋಣ ಅಂತಿದೀನಿ. ಸಂಬಳ ಏರಲ್ಲ, ಗೊತ್ತು :) ಅದಕ್ಕೆ ಮೊದಲು ಈ ಶನಿವಾರ ಊರಿಗೆ ಹೋಗಿ ಅಪ್ಪನಿಗೆ ಹೇಳಬೇಕು. ಫೋನಲ್ಲಿ ಹೇಳೋ ಮಾತಲ್ಲ ಅದು.

ನಿಮ್ಮಲ್ಲೂ ರಿಪೇರಿ ಕೆಲಸದವರು ಇರಬೇಕಲ್ಲ, ನೀವೇನಂತೀರಾ?