ಮನಸ್ಸಿನ ಆರೈಕೆ ವಾರ್ಡಿಗೇ ಬರಲಿ

ಕೀಟನಾಶಕ ಕುಡಿದವರನ್ನು ಜಿಲ್ಲಾ ಆಸ್ಪತ್ರೆಗೆ ಹೊತ್ತು ತಂದಾಗ ಅಲ್ಲಿನ ಸಿಬ್ಬಂದಿ ಮಾಡುವ ಕೆಲಸ ಸಣ್ಣದಲ್ಲ. ಅಟ್ರೋಪಿನ್ ಕೊಟ್ಟು, ಉಸಿರಾಟ ಕಷ್ಟವಾದರೆ ವೆಂಟಿಲೇಟರ್‌ಗೆ ಹಾಕಿ, ರಾತ್ರಿಯಿಡೀ ಕಾದು ಜೀವ ಉಳಿಸುತ್ತಾರೆ. ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ದಾಖಲಾಗುತ್ತದೆ, ಪೊಲೀಸರು ಬಂದು ಹೇಳಿಕೆ ಪಡೆಯುತ್ತಾರೆ. ರೋಗಿ ಚೇತರಿಸಿಕೊಂಡ ಮೇಲೆ, ಡಿಸ್ಚಾರ್ಜ್‌ಗೆ ತುಸು ಮೊದಲು, ಕೇಸ್ ಶೀಟಿನಲ್ಲಿ ‘ಸೈಕಿಯಾಟ್ರಿ ಒಪೀನಿಯನ್’ ಎಂದು ಬರೆಯಲಾಗುತ್ತದೆ. ಅಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದರೆ, ಇಲ್ಲವೇ ಮನೆಯವರು ಊರಿನ ಬಸ್ಸಿಗೆ ಅವಸರ ಮಾಡಿದರೆ, ಆ ಭೇಟಿ ನಡೆಯುವುದೇ ಇಲ್ಲ. ಸಾಯಲು ಹೊರಡುವಷ್ಟು ಸಂಕಟ ಏನಿತ್ತು ಎಂದು ಪಕ್ಕದಲ್ಲಿ ಕೂತು ಕೇಳುವ ಹೊಣೆಯನ್ನು ಯಾರಿಗೂ ವಹಿಸಿರುವುದಿಲ್ಲ. ತರಬೇತಿ ಪಡೆದ ಒಬ್ಬ ಮನೋರೋಗ ಶುಶ್ರೂಷಕರು ಅಥವಾ ಸಮಾಜ ಕಾರ್ಯಕರ್ತರು ಪ್ರತಿ ಜಿಲ್ಲಾ ಆಸ್ಪತ್ರೆಯ ವಾರ್ಡುಗಳಲ್ಲಿ ದಿನವೂ ಇರಬೇಕು, ಅದೇ ಅವರ ಪೂರ್ಣ ಕೆಲಸವಾಗಬೇಕು ಎಂಬುದು ನನ್ನ ವಾದ. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಇಂಥವರನ್ನು ಲಿಯೇಸನ್ ಸಿಬ್ಬಂದಿ ಎನ್ನುತ್ತಾರೆ. ತುರ್ತು ವಿಭಾಗದಿಂದ ಕರೆ ಬಂದರೆ ಒಂದು ಗಂಟೆಯೊಳಗೆ ರೋಗಿಯನ್ನು ನೋಡಬೇಕೆಂಬುದು ಅಲ್ಲಿನ ಗುರಿ.

ಇದಕ್ಕೆ ಪುರಾವೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಆತ್ಮಹತ್ಯೆಗೆ ಯತ್ನಿಸಿ ತುರ್ತು ವಿಭಾಗಕ್ಕೆ ಬಂದ 1,867 ಜನರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅದರಲ್ಲಿ ಚೆನ್ನೈ ಕೂಡ ಒಂದು ಕೇಂದ್ರ. ಸುಮಾರು ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆ ಸಿಕ್ಕಿತು. ಉಳಿದವರಿಗೆ ಅದರ ಜೊತೆಗೆ ಮನೆಗೆ ಹೋಗುವ ಮುನ್ನ ಒಂದು ಗಂಟೆಯ ಮಾತುಕತೆ, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಕರೆ ಅಥವಾ ಭೇಟಿ. ಅವಧಿ ಮುಗಿದಾಗ ಮೊದಲ ಗುಂಪಿನಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು ಶೇ 2.2, ಎರಡನೆಯದರಲ್ಲಿ ಶೇ 0.2. ಬೇರೆ ಕಡೆ ಮಾಡಿದ ಪ್ರಯೋಗಗಳಲ್ಲೆಲ್ಲ ಇಷ್ಟು ದೊಡ್ಡ ಅಂತರ ಕಂಡಿಲ್ಲ ಎಂಬುದನ್ನೂ ಒಪ್ಪಬೇಕು. ಆದರೆ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ ಕರ್ನಾಟಕದಲ್ಲಿ 2022ರಲ್ಲಿ ಆತ್ಮಹತ್ಯೆಯಿಂದ ಸತ್ತವರು 13,606 ಮಂದಿ. ಒಮ್ಮೆ ಯತ್ನಿಸಿ ಬದುಕಿದವರು ಮತ್ತೆ ಯತ್ನಿಸುವ ಅಪಾಯ ಹೆಚ್ಚು. ಅವರು ನಮ್ಮದೇ ಹಾಸಿಗೆಯ ಮೇಲೆ ಮಲಗಿರುವ ಆ ನಾಲ್ಕಾರು ದಿನಗಳನ್ನು ಕೈಬಿಡುವುದಕ್ಕೆ ಸಮರ್ಥನೆಯೇ ಇಲ್ಲ.

ಈ ಹುದ್ದೆಯ ಅಗತ್ಯ ವಿಷ ಸೇವನೆಯ ಪ್ರಕರಣಗಳಿಗಷ್ಟೇ ಸೀಮಿತವಲ್ಲ. ಕಾಲು ಮುರಿದು ಎಲುಬು-ಕೀಲು ವಾರ್ಡಿಗೆ ಸೇರಿದವರು ದಿನವೂ ಕುಡಿಯುವವರಾಗಿದ್ದು, ಅದನ್ನು ಯಾರೂ ಕೇಳಿ ಬರೆದುಕೊಂಡಿಲ್ಲ ಎನ್ನೋಣ. ಎರಡನೇ, ಮೂರನೇ ರಾತ್ರಿಯ ಹೊತ್ತಿಗೆ ಕೈ ನಡುಗುತ್ತದೆ, ಮೈ ಬೆವರುತ್ತದೆ, ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ. ಡ್ರಿಪ್ ಕಿತ್ತೆಸೆದು ಮುರಿದ ಕಾಲಲ್ಲೇ ಮಂಚ ಇಳಿಯಲು ನೋಡುತ್ತಾರೆ. ಪಕ್ಕದ ರೋಗಿಗಳು ಹುಚ್ಚು ಹಿಡಿಯಿತೆಂದು ಹೆದರುತ್ತಾರೆ. ಕೈಕಾಲುಗಳನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿಹಾಕಲಾಗುತ್ತದೆ. ಕುಡಿತ ದಿಢೀರನೆ ನಿಂತಾಗ ಬರುವ ಈ ಸನ್ನಿ ಪ್ರಾಣಕ್ಕೇ ಕುತ್ತು ತರಬಹುದು. ಕೊನೆಯ ಸಲ ಕುಡಿದದ್ದು ಯಾವಾಗ ಎಂದು ದಾಖಲಾದ ದಿನವೇ ಕೇಳಿ ಔಷಧ ಆರಂಭಿಸಿದರೆ ಬಹುಪಾಲು ತಪ್ಪಿಸಬಹುದು. ವೃದ್ಧರಲ್ಲಿ ನ್ಯುಮೋನಿಯಾ ಅಥವಾ ಮೂತ್ರದ ಸೋಂಕಿನಿಂದ ಬರುವ ಸನ್ನಿಯನ್ನು ಗುರುತಿಸುವುದು ಇನ್ನೂ ಕಷ್ಟ. ಗಲಾಟೆ ಮಾಡದೆ ಮಂಕಾಗಿ ಮಲಗಿದವರನ್ನು ‘ವಯಸ್ಸಾಯಿತಲ್ಲ’ ಎಂದು ಬಿಟ್ಟುಬಿಡುತ್ತೇವೆ. ಹೆರಿಗೆ ವಾರ್ಡಿನ ಬಾಣಂತಿ ಖಿನ್ನತೆಯ ಕಥೆಯೂ ಇದೇ.

ಮನೋವೈದ್ಯರೇ ಇಲ್ಲದಿರುವಾಗ ಇದೆಲ್ಲ ಎಲ್ಲಿಂದ ಎಂಬ ಆಕ್ಷೇಪ ಸಹಜ. ದೇಶದಲ್ಲಿ ಲಕ್ಷ ಜನರಿಗೆ 0.75 ಮನೋವೈದ್ಯರಿದ್ದಾರೆ ಎಂದು 2023ರಲ್ಲಿ ಸಂಸದೀಯ ಸ್ಥಾಯಿ ಸಮಿತಿಯೇ ಹೇಳಿದೆ. ಈ ಕೊರತೆ ಇರುವುದರಿಂದಲೇ ವಾರ್ಡಿನ ಕೆಲಸವನ್ನು ಶುಶ್ರೂಷಕರ ಕೈಗೆ ಕೊಡಬೇಕು. ತರಬೇತಿ ಕೊಟ್ಟರೆ ತಜ್ಞರಲ್ಲದವರೂ ಮನೋರೋಗದ ಆರೈಕೆ ಮಾಡಬಲ್ಲರೆಂದು 1980ರ ದಶಕದಲ್ಲಿ ದೇಶಕ್ಕೆ ತೋರಿಸಿಕೊಟ್ಟದ್ದು ನಿಮ್ಹಾನ್ಸ್ ನಡೆಸಿದ ಬಳ್ಳಾರಿ ಯೋಜನೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಅದರಿಂದ. ಆ ಕಾರ್ಯಕ್ರಮದ ತಂಡದಲ್ಲಿ ಮನೋರೋಗ ಶುಶ್ರೂಷಕರ ಮತ್ತು ಸಮಾಜ ಕಾರ್ಯಕರ್ತರ ಹುದ್ದೆಗಳು ಈಗಲೂ ಇವೆ. ಒಪಿಡಿ, ಶಿಬಿರ, ವರದಿಗಳ ನಡುವೆ ವಾರ್ಡು ಅವರ ದಿನಚರಿಯ ಅಂಚಿಗೆ ಸರಿಯುತ್ತದೆ. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ 2022ರಿಂದ ಒಳ್ಳೆಯ ಕೆಲಸ ಮಾಡುತ್ತಿದೆಯಲ್ಲ ಎನ್ನುವವರೂ ಇದ್ದಾರೆ. ಕರೆ ಮಾಡುವಷ್ಟು ಚೈತನ್ಯ ಇರುವವರಿಗೆ ಅದು ದೊಡ್ಡ ಆಸರೆ. ಸನ್ನಿಯಲ್ಲಿರುವವರು, ಗಂಡನ ಮನೆಯವರು ಸುತ್ತ ನಿಂತಿರುವಾಗ ಬಾಯಿ ಬಿಡಲಾರದ ಹೆಣ್ಣುಮಗಳು ಕರೆ ಮಾಡುವುದು ಹೇಗೆ?

ಖರ್ಚಿನ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಬೇಕು. ಲಿಯೇಸನ್ ಸೇವೆಯಿಂದ ರೋಗಿಗಳು ಬೇಗ ಮನೆಗೆ ಹೋಗುತ್ತಾರೆ, ಹಾಸಿಗೆ ಉಳಿಯುತ್ತದೆ ಎಂಬ ವಾದ ಬ್ರಿಟನ್ನಿನಲ್ಲಿ ಬಹಳ ಕಾಲ ಚಾಲ್ತಿಯಲ್ಲಿತ್ತು. ಅಲ್ಲಿ 65 ದಾಟಿದ 2,744 ಒಳರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಆಸ್ಪತ್ರೆಯ ದಿನಗಳು ಕಡಿಮೆಯಾಗಲಿಲ್ಲ. ಹಾಗಾಗಿ ಉಳಿತಾಯದ ಆಸೆ ತೋರಿಸಿ ಈ ಹುದ್ದೆ ಕೇಳುವುದು ಸರಿಯಲ್ಲ. ಮುರಿದ ಮೂಳೆಗೆ ಕಟ್ಟು ಹಾಕುವಾಗ ಎಷ್ಟು ಹಣ ಉಳಿಯಿತೆಂದು ನಾವು ಲೆಕ್ಕ ಹಾಕುವುದಿಲ್ಲ. ಮನಸ್ಸಿನ ನೋವಿಗೆ ಮಾತ್ರ ಆ ಪರೀಕ್ಷೆ ಏಕೆ?

ಕಾನೂನಿನ ಹೆದರಿಕೆ ಇನ್ನೊಂದು ಅಡ್ಡಿ. ಕೇಸಾದೀತೆಂದು ಕುಟುಂಬದವರು ‘ತಪ್ಪಿ ಕುಡಿದದ್ದು’ ಎನ್ನುತ್ತಾರೆ. ಹಾಗೆಂದು ಬರೆದ ಮೇಲೆ ಮನೋವೈದ್ಯರ ಮಾತೇ ಬರುವುದಿಲ್ಲ. ವಾಸ್ತವದಲ್ಲಿ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಮತ್ತೆ ಯತ್ನಿಸದಂತೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ. ಯತ್ನವನ್ನೇ ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 309ನೇ ಸೆಕ್ಷನ್ 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಲ್ಲ. ಇದನ್ನು ಗಾಬರಿಯಲ್ಲಿರುವ ತಂದೆ ತಾಯಿಗೆ ಮಂಚದ ಬಳಿ ನಿಂತು ಬಿಡಿಸಿ ಹೇಳುವವರು ಬೇಕು. ಆರೋಗ್ಯ ಇಲಾಖೆ ಮೊದಲ ಹೆಜ್ಜೆಯಾಗಿ, ವಿಷ ಸೇವಿಸಿ ದಾಖಲಾದ ಯಾರನ್ನೂ ಈ ಮಾತುಕತೆ ನಡೆಯದೆ, ಮುಂದಿನ ಕರೆಯ ದಿನಾಂಕ ಡಿಸ್ಚಾರ್ಜ್ ಕಾರ್ಡಿನಲ್ಲಿ ನಮೂದಾಗದೆ ಮನೆಗೆ ಕಳಿಸಕೂಡದು ಎಂದು ಆದೇಶ ಹೊರಡಿಸಲಿ. ಅದನ್ನು ಪಾಲಿಸಲು ಬೇಕಾದ ಹುದ್ದೆಯನ್ನೂ ಜೊತೆಯಲ್ಲೇ ಮಂಜೂರು ಮಾಡಲಿ.