ಕೆಲಸ ಬಿಟ್ಟು ಆಡಿದ ಮಾತು

ಲಿಫ್ಟಿನ ಹಗ್ಗ ಕಡಿದು ಅದು ಕೆಳಕ್ಕೆ ಬೀಳುತ್ತಿದೆ. ಒಳಗೆ ಗೋಡೆಗೆ ಸಿಕ್ಕಿಸಿದ ಉರಿಯುವ ಮೇಣದಬತ್ತಿ, ನೆಲದ ಮೇಲೆ ಒಂದು ಹನಿ ಪಾದರಸ. ಬೀಳುವಾಗ ಇವೆರಡಕ್ಕೂ ಏನಾಗುತ್ತದೆ?

1982ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದವರು ತಮ್ಮ ಕಂಪ್ಯೂಟರಿನೊಳಗಿನ ಸೂಚನಾಫಲಕದಲ್ಲಿ ಈ ಪ್ರಶ್ನೆಯನ್ನಿಟ್ಟುಕೊಂಡು ಹರಟುತ್ತಿದ್ದರು. ಇದರಿಂದ ಯಾರ ಸಂಶೋಧನೆಗೂ ಆಗಬೇಕಾದ್ದು ಏನೂ ಇರಲಿಲ್ಲ. ಒಬ್ಬರು ತಮಾಷೆಗೆಂದು, ಭೌತಶಾಸ್ತ್ರದ ಪ್ರಯೋಗವೊಂದರಿಂದ ಎಡತುದಿಯ ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ, ಸ್ವಲ್ಪ ಬೆಂಕಿಯೂ ತಗುಲಿದೆ ಎಂದು ಎಚ್ಚರಿಕೆ ಬರೆದು ಹಾಕಿದರು. ಹಿಂದಿನ ಮಾತುಕತೆ ಓದದ ಕೆಲವರು ಅದನ್ನು ನಿಜವೆಂದೇ ನಂಬಿದರು.

ಅಲ್ಲಿಂದ ಮಾತು ಹೊರಳಿತು. ತಮಾಷೆಯನ್ನು ತಮಾಷೆ ಎಂದು ಗುರುತು ಹಾಕುವುದು ಹೇಗೆ? ನಕ್ಷತ್ರ ಚಿಹ್ನೆ ಇರಲಿ ಎಂಬ ಸಲಹೆ ಬಂತು. ಶೇಕಡಾ ಚಿಹ್ನೆಯೂ ಬಂತು. ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್‌ಮನ್ ಎಂಬುವರು ಎರಡು ಚುಕ್ಕಿ, ಒಂದು ಗೆರೆ, ಒಂದು ಕಂಸ ಸೇರಿಸಿ :-) ಎಂದು ಬರೆದು, ಪಕ್ಕಕ್ಕೆ ವಾಲಿಸಿ ಓದಿ ಎಂದರು. ತಮಾಷೆ ಅಲ್ಲದ್ದಕ್ಕೆ :-( ಇರಲಿ ಎಂದೂ ಸೇರಿಸಿದರು. ಆ ನಗುಮುಖ ಅಲ್ಲಿಂದ ಬೇರೆ ಬೇರೆ ಕಂಪ್ಯೂಟರುಗಳಿಗೆ ಹರಡಿತು.

ಬರಹದಲ್ಲಿ ದನಿ ಇರುವುದಿಲ್ಲ. ಎದುರಿಗಿದ್ದವರು ಹುಬ್ಬು ಹಾರಿಸಿ ಹೇಳಿದ್ದನ್ನು ಅಕ್ಷರ ಹೇಳಲಾರದು. ಆ ಕೊರತೆ ಎಷ್ಟೋ ಕಾಲದಿಂದ ಇತ್ತು. ಅದಕ್ಕೊಂದು ಪರಿಹಾರ ಕೊಟ್ಟದ್ದು ವ್ಯಾಕರಣ ಪಂಡಿತರ ಸಮಿತಿಯಲ್ಲ, ಕೆಲಸ ಬಿಟ್ಟು ಮಾತಿಗೆ ಕೂತ ಪ್ರೋಗ್ರಾಮರುಗಳು. ಹೊಸ ಪ್ರಯೋಗಗಳು ಹುಟ್ಟುವುದು ಬಹುಮಟ್ಟಿಗೆ ಹೀಗೆಯೇ: ಯಾರಿಗೋ ಒಂದು ತುರ್ತು ಬರುತ್ತದೆ, ನಾಲ್ಕು ಜನ ನಾಲ್ಕು ಸಲಹೆ ಕೊಡುತ್ತಾರೆ, ಒಂದು ನಿಲ್ಲುತ್ತದೆ.

ಕನ್ನಡದಲ್ಲಿ ‘ಹರಟೆ’ ಬೈಗುಳವೂ ಹೌದು, ಸಾಹಿತ್ಯ ಪ್ರಕಾರವೂ ಹೌದು. ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಓದಿದವರಿಗೆ ದಿಕ್ಕಿಲ್ಲದಂತೆ ಕಾಣುವ ಮಾತು ಎಲ್ಲಿಗೆ ಮುಟ್ಟಬಲ್ಲದೆಂದು ಗೊತ್ತು. ಆದರೆ ಕಚೇರಿಗೆ ಬಂದಾಗ ಹರಟೆಗೆ ಉಳಿಯುವುದು ಬೈಗುಳದ ಅರ್ಥ ಮಾತ್ರ. ಪ್ರೋಗ್ರಾಮರುಗಳು ಚಹಾದ ಲೋಟ ಹಿಡಿದು, ಹಳೆಯ ಪ್ರಿಂಟರ್ ಯಾಕೆ ಮಳೆಗಾಲದಲ್ಲಿ ಮಾತ್ರ ಮುಷ್ಕರ ಹೂಡುತ್ತದೆ ಎಂದು ಅರ್ಧ ಗಂಟೆ ಮಾತಾಡಿದರೆ, ಆ ಅರ್ಧ ಗಂಟೆ ದಿನದ ಲೆಕ್ಕದಲ್ಲಿ ನಷ್ಟದ ಬಾಬ್ತಿಗೆ ಹೋಗುತ್ತದೆ.

ಈ ಲೆಕ್ಕ ತಪ್ಪೆಂದು ತೋರಿಸಿದವರಲ್ಲಿ ಜೂಲಿಯನ್ ಓರ್ ಒಬ್ಬರು. ಝೆರಾಕ್ಸ್ ಕಂಪನಿಯ ಯಂತ್ರಗಳನ್ನು ರಿಪೇರಿ ಮಾಡುವವರ ಜೊತೆ ಓಡಾಡಿ ಈ ಮಾನವಶಾಸ್ತ್ರಜ್ಞರು ಬರೆದ ಪುಸ್ತಕ 1996ರಲ್ಲಿ ಬಂತು. ಕಂಪನಿ ಕೊಟ್ಟ ಕೈಪಿಡಿಯಲ್ಲಿ ಯಾವ ದೋಷಕ್ಕೆ ಏನು ಮಾಡಬೇಕೆಂದು ಹಂತಹಂತವಾಗಿ ಬರೆದಿತ್ತು. ಯಂತ್ರಗಳು ಮಾತ್ರ ಕೈಪಿಡಿ ಓದಿಕೊಂಡು ಕೆಡುತ್ತಿರಲಿಲ್ಲ. ರಿಪೇರಿಯವರು ಒಟ್ಟಿಗೆ ಊಟಕ್ಕೆ ಕೂತು, ಹಿಂದೆ ಎಲ್ಲಿ ಯಾವ ಯಂತ್ರ ಹೇಗೆ ಸತಾಯಿಸಿತ್ತು ಎಂದು ಕಥೆ ಹೇಳಿಕೊಳ್ಳುತ್ತಿದ್ದರು. ಅವರ ನಿಜವಾದ ವಿದ್ಯೆ ಇದ್ದದ್ದು ಆ ಕಥೆಗಳಲ್ಲಿ. ಮುಂದೆ ಕಂಪನಿಯೇ ಇಂಥ ಅನುಭವದ ಸುಳುಹುಗಳನ್ನು ಕೂಡಿಡಲು ‘ಯುರೇಕಾ’ ಎಂಬ ವ್ಯವಸ್ಥೆ ಕಟ್ಟಿತು.

ಹರಟೆಯಲ್ಲಿ ಸುಳ್ಳೂ ಸೇರುತ್ತದೆ ಎಂಬ ಆಕ್ಷೇಪ ಸರಿಯಾದದ್ದೇ. ‘ಬಗ್’ ಎಂಬ ಮಾತಿನ ಕಥೆಯನ್ನೇ ನೋಡಿ. 1947ರಲ್ಲಿ ಹಾರ್ವರ್ಡ್‌ನ ಮಾರ್ಕ್-2 ಕಂಪ್ಯೂಟರಿನೊಳಗೆ ಒಂದು ಪತಂಗ ಸಿಕ್ಕಿಹಾಕಿಕೊಂಡಿತ್ತು, ಅಂದಿನಿಂದ ದೋಷಕ್ಕೆ ಬಗ್ ಎಂಬ ಹೆಸರು ಬಂತು ಎನ್ನುವುದು ಪ್ರೋಗ್ರಾಮರುಗಳ ನಡುವೆ ಚೆನ್ನಾಗಿ ಓಡುವ ಕಥೆ. ಪತಂಗ ಸಿಕ್ಕಿದ್ದು ನಿಜ. ಅದನ್ನು ಅಂಟಿಸಿದ ದಿನಚರಿ ಪುಸ್ತಕ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಆದರೆ ಪತಂಗದ ಪಕ್ಕದಲ್ಲಿ ಅವರು ಬರೆದದ್ದು, ‘ಬಗ್’ ನಿಜವಾಗಿಯೇ ಸಿಕ್ಕ ಮೊದಲ ಪ್ರಸಂಗ ಎಂಬರ್ಥದ ಮಾತು. ಆ ಪದ ಮೊದಲೇ ಬಳಕೆಯಲ್ಲಿ ಇರದಿದ್ದರೆ ಆ ತಮಾಷೆಗೆ ಅರ್ಥವೇ ಇರುತ್ತಿರಲಿಲ್ಲ. ಥಾಮಸ್ ಎಡಿಸನ್ 1878ರಷ್ಟು ಹಿಂದೆಯೇ ಪತ್ರದಲ್ಲಿ ಅದನ್ನು ಬಳಸಿದ್ದರು. ಹರಟೆ ಕಥೆಯನ್ನು ತಿರುಚಿತು, ಬರೆದಿಟ್ಟ ಹಾಳೆ ತಿದ್ದಿತು. ಮಾತೂ ಬೇಕು, ಮಾತಿನ ದಾಖಲೆಯೂ ಬೇಕು.

ನಗುಮುಖದ ಗತಿಯೂ ಅದೇ ಆಗಬಹುದಿತ್ತು. ಫಾಲ್‌ಮನ್ ಬರೆದ ಮೂಲ ಸಂದೇಶವನ್ನು ಯಾರೂ ಜೋಪಾನ ಮಾಡಿರಲಿಲ್ಲ. ಹಳೆಯ ಬ್ಯಾಕಪ್ ಟೇಪುಗಳನ್ನು ಕೆದಕಿ ಅದನ್ನು ಹೊರತೆಗೆದದ್ದು 2002ರಲ್ಲಿ, 20 ವರ್ಷಗಳ ಮೇಲೆ. ಟೇಪುಗಳು ಉಳಿದಿದ್ದವು, ಹುಡುಕುವ ಹಟ ಇದ್ದವರು ಇದ್ದರು, ಹಾಗಾಗಿ ಸಿಕ್ಕಿತು. ಇಂದಿನ ಹರಟೆಗೆ ಅಂಥ ಟೇಪೂ ಇಲ್ಲ. ಅದು ಫೋನಿನ ಗುಂಪುಗಳೊಳಗೆ ನಡೆದು, ಫೋನು ಬದಲಾದಾಗ ಮುಗಿದುಹೋಗುತ್ತದೆ. ಪಕ್ಕದ ಮೇಜಿನವರನ್ನು ಕೇಳುತ್ತಿದ್ದ ಪ್ರಶ್ನೆ ಈಗ ಉತ್ತರಿಸುವ ಯಂತ್ರದ ಮುಂದೆ ಒಂಟಿಯಾಗಿ ಕೇಳಲ್ಪಡುತ್ತದೆ. ಉತ್ತರ ಬೇಗ ಸಿಗುತ್ತದೆ, ಕೇಳಿದವರ ಕೆಲಸವೂ ಆಗುತ್ತದೆ. ಪಕ್ಕದ ಮೇಜಿನವರಿಗೆ ಮಾತ್ರ ಅಂಥದ್ದೊಂದು ತೊಡಕಿತ್ತೆಂಬುದೇ ತಿಳಿಯುವುದಿಲ್ಲ.

ಇದರಲ್ಲಿ ಕನ್ನಡಕ್ಕೆ ಆಗುವ ನಷ್ಟ ಇನ್ನೂ ಹೆಚ್ಚು. ಒಂದು ಚಿಕ್ಕ ಉದಾಹರಣೆ. ‘ಕಾರ್ಯ’ದಲ್ಲಿ ರಕಾರ ಅರ್ಕಾವತ್ತಾಗಿ ಯಕಾರದ ಪಕ್ಕಕ್ಕೆ ಹೋಗುತ್ತದೆ. ಸುದ್ದಿಯಲ್ಲಿ ಬರುವ ರಾಜಕೀಯ ಮೆರವಣಿಗೆಯ ಹೆಸರನ್ನು ಅದೇ ರೀತಿ ಟೈಪಿಸಿದರೆ ತೆರೆಯ ಮೇಲೆ ‘ರ್ಯಾಲಿ’ ಎಂದು ಮೂಡುತ್ತದೆ. ರಕಾರ ನೇರವಾಗಿ ನಿಂತು ಅದಕ್ಕೆ ಯಕಾರದ ಒತ್ತು ಬರಬೇಕಾದರೆ, ‘ರ‍್ಯಾಲಿ’ ಎಂದಾಗಬೇಕಾದರೆ, ಯೂನಿಕೋಡ್ ನಿಯಮದಂತೆ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಜೋಡಕ ಅಕ್ಷರ ಇಡಬೇಕು. ಓದುವವರಿಗೆ ಎರಡೂ ಒಂದೇ ಪದ. ಹುಡುಕುವ ಪ್ರೋಗ್ರಾಮಿಗೆ ಹಾಗೆಂದು ಯಾರಾದರೂ ಹೇಳಿಕೊಡದಿದ್ದರೆ ಎರಡೂ ಬೇರೆ ಬೇರೆ.

ಈ ತೊಡಕು ಇಂಗ್ಲಿಷಿನಲ್ಲಿ ಹರಟುವವರ ನಡುವೆ ಏಳುವುದೇ ಇಲ್ಲ, ಅಲ್ಲಿ ಅದಕ್ಕೆ ಕಾರಣವೇ ಇಲ್ಲ. ಏಳಬೇಕಾದರೆ ಕನ್ನಡ ಓದುವ ಇಬ್ಬರು, ಕೋಡ್ ಬರೆಯಬಲ್ಲವರು, ಒಂದೇ ಮೇಜಿನಲ್ಲಿ ಕೂತು ಕನ್ನಡದಲ್ಲಿ ಮಾತಾಡಬೇಕು. ಅಂಥವರಿಗೆ ಬರವಿಲ್ಲ. ಪುಣೆ, ಹೈದರಾಬಾದ್, ಚೆನ್ನೈಗಳ ಸಾಫ್ಟ್‌ವೇರ್ ಕಚೇರಿಗಳಲ್ಲಿ ಅವರಿದ್ದಾರೆ. ರಾಜ್ಯೋತ್ಸವ, ಬಾಡಿಗೆ ಮನೆ, ಊರಿನ ಬಸ್ಸು, ಜೋಳದ ರೊಟ್ಟಿ ಎಲ್ಲಿ ಸಿಗುತ್ತದೆ ಎಂಬ ಮಾತೆಲ್ಲ ಕನ್ನಡದಲ್ಲೇ ಆಗುತ್ತದೆ. ಡೇಟಾಬೇಸಿನ ಮಾತು ಬಂದೊಡನೆ ಹೆಚ್ಚಿನವರ ನಾಲಿಗೆ ಇಂಗ್ಲಿಷಿಗೆ ಹೊರಳುತ್ತದೆ. ಬೇರೆ ಭಾಷೆಯವರು ಕೂತಿರುವಾಗ ಅದು ಮರ್ಯಾದೆ. ಕನ್ನಡದವರೇ ಇರುವಾಗ ಅದು ಬರೀ ಅಭ್ಯಾಸ.

ತಂತ್ರಜ್ಞಾನಕ್ಕೆ ಕನ್ನಡದಲ್ಲಿ ಪದಗಳಿಲ್ಲ ಎಂಬ ನೆಪ ಇಲ್ಲಿ ನಿಲ್ಲುವುದಿಲ್ಲ. ‘ತಂತ್ರಾಂಶ’, ‘ಮಿಂಚಂಚೆ’ ಬರಹದಲ್ಲಿ ಅವುಗಳ ಪಾಡಿಗೆ ಇರಲಿ. ಮಾತಿನಲ್ಲಿ ‘ಸರ್ವರ್ ಮಲಗಿಬಿಟ್ಟಿದೆ’, ‘ಕೋಡ್ ಕೈಕೊಟ್ಟಿತು’ ಎಂದರೆ ಯಾರಿಗೆ ಅರ್ಥವಾಗುವುದಿಲ್ಲ? ನಾಮಪದ ಇಂಗ್ಲಿಷಿನದಾದರೂ ವಾಕ್ಯ ಕನ್ನಡದ್ದೇ, ಯೋಚನೆಯ ಜಾಡೂ ಕನ್ನಡದ್ದೇ. ಪದಕೋಶ ಸಿದ್ಧವಾಗಲಿ, ಆಮೇಲೆ ಮಾತಾಡೋಣ ಎಂದು ಕಾದರೆ ಮಾತೂ ಇಲ್ಲ, ಪದಕೋಶವೂ ಇಲ್ಲ.

ಬೇಕಾದದ್ದು ದೊಡ್ಡ ಯೋಜನೆಯಲ್ಲ. ಊಟದ ಹೊತ್ತಿನಲ್ಲಿ ಒಂದು ಕುತೂಹಲ ಬಿಡಿಸಿಕೊಂಡರೆ, ಇಬ್ಬರಲ್ಲಿ ಒಬ್ಬರು ಅಂದೇ ಸಂಜೆ ಅದನ್ನು ನಾಲ್ಕು ಸಾಲಿನಲ್ಲಿ, ಆಡಿದ ಕನ್ನಡದಲ್ಲೇ, ತಾರೀಖು ಹಾಕಿ, ಬೇರೆಯವರೂ ಹುಡುಕಿ ಓದಬಹುದಾದ ಕಡೆ ಬರೆದಿಟ್ಟರೆ ಸಾಕು. ಕಚೇರಿಯ ಗುಟ್ಟು ಅದರಲ್ಲಿ ಇರಬೇಕಾಗಿಲ್ಲ. ‘ರ‍್ಯಾಲಿ’ಯ ಜೋಡಕಕ್ಕೆ ಯಾವ ಕಂಪನಿಯೂ ಒಡೆಯನಲ್ಲ. ಮುಂದೊಂದು ದಿನ ಇನ್ಯಾವುದೋ ಊರಿನಲ್ಲಿ ಕೂತ ಹುಡುಗಿಯೊಬ್ಬಳು, ತಾನು ಬರೆದ ಪ್ರೋಗ್ರಾಮಿಗೆ ಕನ್ನಡದ ಒಂದು ಪದ ಯಾಕೆ ಸಿಗುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವಾಗ, ಆ ನಾಲ್ಕು ಸಾಲು ಅವಳಿಗೆ ಒಂದು ರಾತ್ರಿಯ ನಿದ್ದೆ ಉಳಿಸಬಲ್ಲದು.