ನಿಮ್ಮ ಹೆಸರು ಯಾರಿಗೂ ಕೊಡಬೇಡಿ

ನಿಪ್ಪಾಣಿಯ ಗೋದಾಮುಗಳಲ್ಲಿ ತಂಬಾಕಿನ ಘಾಟು ನುಂಗಿ ದುಡಿಯುವ ಅಕ್ಕಂದಿರೆ, ಅಥಣಿಯ ಚಪ್ಪಲಿ ಹೊಲಿಯುವ ಅಣ್ಣಂದಿರೆ, ಚಿಕ್ಕೋಡಿ, ರಾಯಬಾಗ, ಕಾಗವಾಡದ ಕಬ್ಬು ಕಡಿಯುವವರೆ, ಈ ಮಾತು ಮೊದಲು ನಿಮಗೆ. ಸಾಲ ಮಾಡಿಸಿಕೊಡುತ್ತೇನೆಂದು ಆಧಾರ್, ಪ್ಯಾನ್ ಝೆರಾಕ್ಸ್ ಕೇಳುತ್ತ ಯಾರಾದರೂ ಬಂದರೆ ಕೊಡಬೇಡಿ. ಆ ಕಾಗದದಿಂದ ನಿಮ್ಮ ಹೆಸರಿನಲ್ಲೊಂದು ಜಿಎಸ್‌ಟಿ ನೋಂದಣಿ ಹುಟ್ಟಬಹುದು. ಆಮೇಲೆ ಸರಕು ಕದಲುವುದಿಲ್ಲ, ಬಿಲ್ಲು ಮಾತ್ರ ಓಡಾಡುತ್ತದೆ. ಅದನ್ನು ತೋರಿಸಿ ಇನ್ನೊಬ್ಬ ತಾನು ಕಟ್ಟದ ತೆರಿಗೆಯನ್ನು ಕಟ್ಟಿದ್ದೇನೆಂದು ಲೆಕ್ಕಕ್ಕೆ ಹಿಡಿಯುತ್ತಾನೆ. ನೋಟಿಸು ನಿಮ್ಮ ಬಾಗಿಲಿಗೆ ಬರುತ್ತದೆ.

ಇಂಥ ಸುಳ್ಳು ನೋಂದಣಿಗಳನ್ನು ಹುಡುಕಲು 2023ರಲ್ಲಿ, ಮತ್ತೆ 2024ರಲ್ಲಿ ದೇಶದಾದ್ಯಂತ ಎರಡೆರಡು ತಿಂಗಳ ಕಾರ್ಯಾಚರಣೆ ನಡೆಯಿತು. ₹5 ಕೋಟಿ ಮೀರಿದ ವಂಚನೆಗೆ 5 ವರ್ಷದವರೆಗೆ ಜೈಲಿದೆ, ಅದು ಜಾಮೀನುರಹಿತ ಅಪರಾಧ. ಸರಕು ಸಾಗಣೆಗೆ ಬೇಕಾದ ಇ-ವೇ ಬಿಲ್ಲನ್ನು 2017ರ ಸೆಪ್ಟೆಂಬರಿನಲ್ಲಿ ಎಲ್ಲರಿಗಿಂತ ಮೊದಲು ತಂದದ್ದು ಕರ್ನಾಟಕವೇ. ಆದರೆ ಬಿಲ್ಲಿನಲ್ಲಿ ಬರೆದ ಲಾರಿ ಗಡಿಯ ಕೊಗನೊಳ್ಳಿ ದಾಟಿತೋ ಇಲ್ಲವೋ ಎಂಬುದು ಚಾಲಕನಿಗೆ ಗೊತ್ತು, ಹಮಾಲನಿಗೆ ಗೊತ್ತು, ಲೆಕ್ಕ ಬರೆಯುವ ಗುಮಾಸ್ತನಿಗೆ ಗೊತ್ತು. ಗೊತ್ತಿದ್ದವರೇ, ಬಾಯಿ ಬಿಡಿ!

ಕಳ್ಳಲೆಕ್ಕ ಯಾರ ಗಂಟು ಕದಿಯುತ್ತದೆ ಎಂದು ಬೀಡಿ ಕಟ್ಟುವವರನ್ನು ಕೇಳಬೇಕು. 1976ರ ಕಾಯ್ದೆಯಂತೆ ಬೀಡಿಯ ಮೇಲೆ ಸೆಸ್ ಇತ್ತು. ಆ ದುಡ್ಡಿನಲ್ಲಿ ಅವರಿಗೆ ದವಾಖಾನೆ, ಮಕ್ಕಳಿಗೆ ವಿದ್ಯಾರ್ಥಿವೇತನ. 2017ರಲ್ಲಿ ಜಿಎಸ್‌ಟಿ ಬಂದು ಸೆಸ್ ಹೋಯಿತು. ಅಲ್ಲಿಯವರೆಗೆ ಲೆಕ್ಕ ತಪ್ಪಿಸಿದ ಒಂದೊಂದು ಸಾವಿರ ಬೀಡಿಯೂ ಅದನ್ನು ಕಟ್ಟಿದ ತಾಯಿಯ ಮಗಳ ಪುಸ್ತಕದ ದುಡ್ಡನ್ನು ಕಸಿದುಕೊಂಡಿದೆ. ಇದನ್ನು ಜಾಣತನದ ವ್ಯಾಪಾರ ಎನ್ನುವವರ ಮಾತು ನನಗೆ ಸಹಿಸಲಾಗದು.

ತೆರಿಗೆ ಅಧಿಕಾರಿಗಳೆ, ನಿಮಗೂ ಒಂದು ಮಾತು. 1979ರವರೆಗೆ ರೈತ ಬೆಳೆದ ಕಚ್ಚಾ ತಂಬಾಕಿಗೂ ಕೇಂದ್ರ ಅಬಕಾರಿ ಸುಂಕವಿತ್ತು. ತೆರಿಗೆಯ ಕಣ್ಣು ಸಣ್ಣವರ ಮೇಲೆ ಬೀಳುವುದನ್ನು ಇಲ್ಲಿನ ಹಿರಿಯರು ಆ ಕಾಲದಿಂದ ಕಂಡಿದ್ದಾರೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಬೆಂಗಳೂರಿನ ಸಣ್ಣ ಅಂಗಡಿಯವರಿಗೆ ನೋಟಿಸು ಕಳಿಸಿದಿರಿ. ಅಷ್ಟೇ ಚುರುಕಾಗಿ ದೊಡ್ಡ ಗೋದಾಮಿನ ಬಾಗಿಲು ತಟ್ಟಿ. ಹೆಸರು ಕಳೆದುಕೊಂಡ ಕೂಲಿಕಾರನನ್ನು ಸಾಕ್ಷಿಯಾಗಿ ಕಾಣಿರಿ, ಆರೋಪಿಯಾಗಿ ಅಲ್ಲ.

ಕಾಲೇಜಿನ ಹುಡುಗ ಹುಡುಗಿಯರೆ, ಜಿಎಸ್‌ಟಿ ಜಾಲತಾಣದಲ್ಲಿ ಪ್ಯಾನ್ ಸಂಖ್ಯೆ ಹಾಕಿದರೆ ಅದರ ಮೇಲಿರುವ ನೋಂದಣಿಗಳು ಕಾಣುತ್ತವೆ. ಅಪ್ಪ ಅವ್ವಂದು ಇವತ್ತೇ ನೋಡಿ, ಓಣಿಯವರದನ್ನೂ ನೋಡಿಕೊಡಿ. ಗೊತ್ತಿಲ್ಲದ ನೋಂದಣಿ ಕಂಡರೆ ಅವರನ್ನು ಒಬ್ಬರನ್ನೇ ಕಳಿಸಬೇಡಿ. ಜೊತೆಗೆ ಹೋಗಿ ವಾಣಿಜ್ಯ ತೆರಿಗೆ ಕಚೇರಿಗೆ ಬರಹದಲ್ಲಿ ದೂರು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸಹಿ, ಶಿಕ್ಕಾ ಹಾಕಿಸಿಕೊಂಡು ಬನ್ನಿ.